ಸಂನ್ಯಾಸಿಗಳ ಆತಿಥ್ಯ

ಅತಿಥಿಸತ್ಕಾರವು ಗೃಹಸ್ಥನಿಗೆ ವಿಧಿಸಿದ ಧರ್ಮ. ಬ್ರಹ್ಮಚಾರಿ, ವಾನಪ್ರಸ್ಥ, ಸಂನ್ಯಾಸಿ ಈ ಮೂವರಿಗೂ ಅನ್ನವಿಡತಕ್ಕವನು ಅವನೇ. ಆದಕಾರಣವೇ ಸ್ಮೃತಿಕಾರರು ಆ ಆಶ್ರಮಕ್ಕೆ ಹಿರಿತನವನ್ನು ಕೊಟ್ಟರು. ಸಂನ್ಯಾಸಿಗಾದರೋ ಒಲೆಯಿಲ್ಲ, ಉಗ್ರಾಣವಿಲ್ಲ, ಒಂದೆಡೆ ನೆಲೆಯೂ ಇಲ್ಲ. ಅವನು ಎಲ್ಲರ ಮನೆಗೂ ಅತಿಥಿ. ಕನ್ನಡನಾಡಿನ ಮಠಗಳಲ್ಲಿ ಅನ್ನದಾನವೂ ದಾಸೋಹವೂ ನಡೆಯುವುವಾದರೂ, ಬಂದವನಿಗೆ ಹಾಸಿಗೆ ಹಾಸುವುದು, ಉಂಡ ಪಾತ್ರೆಯನ್ನು ಬೆಳಗುವುದು ಸ್ವಾಮಿಗಳ ನಿತ್ಯಕರ್ಮದಲ್ಲಿ ಸಾಮಾನ್ಯವಾಗಿ ಸೇರಿದುದಲ್ಲ. ಪಶ್ಚಿಮದೇಶಗಳ ಕ್ರೈಸ್ತಮಠಗಳಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಅಲ್ಲಿ ಮನೆ ಬಿಟ್ಟವನೇ ಮನೆಯೊಡೆಯನಂತೆ ಬಾಗಿಲಲ್ಲಿ ನಿಲ್ಲುವನು. ಸಂಸಾರಿಯು ಅವನ ಅತಿಥಿಯಾಗುವನು.

ಈ ಪದ್ಧತಿಗೆ ಮೂಲಪುರುಷನು ಇಟಲಿಯ ಸಂತ ಬೆನೆಡಿಕ್ಟನು. 6ನೆಯ ಶತಮಾನದಲ್ಲಿ ಆತನು ರಚಿಸಿದ ನಿಯಮಗ್ರಂಥದಲ್ಲಿ 73 ಅಧ್ಯಾಯಗಳಿವೆ; ಅವುಗಳಲ್ಲಿ 53ನೆಯದು ಅತಿಥಿಗಳನ್ನು ಕುರಿತುದು. ಬಂದವನನ್ನು ಸಾಕ್ಷಾತ್ ಕ್ರಿಸ್ತನೆಂದೇ ಬಗೆದು ಬರಮಾಡಿಕೊಳ್ಳತಕ್ಕದ್ದು. ಮಠಾಧಿಪತಿಯು ತಾನೇ ಅವನ ಕೈಗೆ ನೀರೆರೆಯತಕ್ಕದ್ದು. ಬಡವರನ್ನೂ ಯಾತ್ರಿಕರನ್ನೂ ಉಳಿದೆಲ್ಲರಿಗಿಂತ ಹೆಚ್ಚಾಗಿ ಆದರಿಸತಕ್ಕದ್ದು, ಏಕೆಂದರೆ ಸಿರಿವಂತನಿಗೆ ಮರ್ಯಾದೆಯು ತಾನಾಗಿಯೇ ಒದಗುತ್ತದೆ. ತೈತ್ತಿರೀಯದ ಶೀಕ್ಷಾವಲ್ಲಿಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯೂ ಉಂಟು. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅತಿಥಿಗಳಿಂದ ಸೋದರರ ನೆಮ್ಮದಿ ಕೆಡದಂತೆ ಅವರ ಅಡಿಗೆಮನೆ ಬೇರೆಯಾಗಿರಬೇಕು. ಅಪ್ಪಣೆಯಿಲ್ಲದೆ ಯಾವ ಸೋದರನೂ ಅತಿಥಿಯೊಡನೆ ಮಾತಿಗೆ ನಿಲ್ಲಕೂಡದು. ಬಾಗಿಲನ್ನು ತೆರೆಯೆಂದವನೇ ಮೌನವನ್ನು ಕೆಡಿಸಬೇಡವೆಂದನು. ಈ ಎರಡು ವಿಧಿಗಳ ನಡುವಣ ಇಕ್ಕಟ್ಟಿನಲ್ಲಿಯೇ ಮಠದ ಆತಿಥ್ಯವೆಲ್ಲ ನಡೆಯುತ್ತದೆ.

ಇಂಗ್ಲೆಂಡಿನಲ್ಲಿ ಈ ಬಾಗಿಲು ಒಮ್ಮೆ ಮುಚ್ಚಿಹೋಯಿತು. 1536ರಿಂದ 1540ರ ವರೆಗೆ ಎಂಟನೆಯ ಹೆನ್ರಿ ದೊರೆಯು ಸುಮಾರು 800 ಮಠಗಳನ್ನು ಮುಚ್ಚಿಸಿ ಅವುಗಳ ಸ್ವತ್ತನ್ನು ವಶಪಡಿಸಿಕೊಂಡನು. ಸಂನ್ಯಾಸಿಗಳು ಚದರಿದರು, ಅವರೊಡನೆ ದಾರಿಗರ ಹಾಸಿಗೆಯೂ ಬಡವರ ರೊಟ್ಟಿಯೂ ಹೋಯಿತು. ಮುಂದೆ ಮುನ್ನೂರು ವರ್ಷ ಆಂಗ್ಲಿಕನ್ ಸಭೆಗೆ ಮಠಗಳೇ ಇರಲಿಲ್ಲವೆನ್ನಬಹುದು. 1833ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಧಾರ್ಮಿಕ ಚಳವಳಿಯಿಂದ ಹಳೆಯ ಬೇರು ಮರಳಿ ಚಿಗುರಿತು. 1841ರಲ್ಲಿ ಮರಿಯನ್ ಹ್ಯೂಸ್ ಎಂಬ ಮಹಿಳೆಯು ವ್ರತಸ್ವೀಕಾರ ಮಾಡಿದಳು. 1866ರಲ್ಲಿ ರಿಚರ್ಡ್ ಬೆನ್ಸನ್ ಎಂಬ ಪಾದ್ರಿಯು ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ಪುರುಷರ ಸಂಘವೊಂದನ್ನು ಕಟ್ಟಿದನು. ಅಮೆರಿಕದಲ್ಲಿ ಜೇಮ್ಸ್ ಹಂಟಿಂಗ್ಟನ್ ಎಂಬಾತನು 1884ರಲ್ಲಿ ವ್ರತವನ್ನು ಕೈಕೊಂಡು ಹೋಲಿ ಕ್ರಾಸ್ ಸಂಘಕ್ಕೆ ನಾಂದಿ ಹಾಡಿದನು. ನ್ಯೂಯಾರ್ಕ್ ನಗರದ ಬಡಜನರ ಕೇರಿಯಲ್ಲಿ ಆರಂಭವಾದ ಆ ಸಂಘವು 1904ರಲ್ಲಿ ಹಡ್ಸನ್ ನದಿಯ ಪಡುವಣ ದಡದ ವೆಸ್ಟ್ ಪಾರ್ಕ್ ಎಂಬ ಹಳ್ಳಿಯಲ್ಲಿ ನೆಲಸಿತು. ನೂರು ವರ್ಷ ತುಂಬಿದ 1984ರಲ್ಲಿ ಬೆನೆಡಿಕ್ಟನ ನಿಯಮವನ್ನು ತನ್ನದಾಗಿ ಅಂಗೀಕರಿಸಿತು.

ಇಂತಹ ಮಠದಲ್ಲಿ ದಿನವನ್ನು ಆಳುವುದು ಗಂಟೆ. ಬೆಳಗಿನ ಪ್ರಾರ್ಥನೆ, ಪ್ರಭುಭೋಜನ, ನಡುಹಗಲಿನ ಪ್ರಾರ್ಥನೆ, ಸಂಧ್ಯಾಪ್ರಾರ್ಥನೆ, ಮಲಗುವ ಮುನ್ನಿನ ಪ್ರಾರ್ಥನೆ, ಇವೇ ಹಗಲಿನ ಮೆಟ್ಟಿಲುಗಳು. ಕೀರ್ತನೆಗಳ ಸಂಖ್ಯೆ 150; ಅವೆಲ್ಲವನ್ನೂ ವಾರಕ್ಕೊಮ್ಮೆ ಮುಗಿಸಬೇಕೆಂಬುದು ಬೆನೆಡಿಕ್ಟನ ಕಟ್ಟಳೆ. ಈಗಿನ ಹಲವು ಮಠಗಳು ಅದಕ್ಕೆ ಇನ್ನಷ್ಟು ದಿನಗಳನ್ನು ಕೊಟ್ಟುಕೊಂಡಿವೆ. ಕೀರ್ತನೆಯನ್ನು ಎರಡು ಸಾಲುಗಳಲ್ಲಿ ಎದುರುಬದುರು ನಿಂತು ಹಾಡುವರು. ಒಂದು ಸಾಲು ಮುಗಿಸುವ ತನಕ ಇನ್ನೊಂದು ಕಾದಿರಬೇಕು. ವೇದಘೋಷವನ್ನು ಅಭ್ಯಾಸಮಾಡಿದವರಿಗೆ ಇದರ ಮರ್ಮ ತಿಳಿದೀತು: ಕಂಠಕ್ಕಿಂತ ಕಿವಿಯೇ ಇಲ್ಲಿ ಮುಖ್ಯ. ಕಡೆಯ ಪ್ರಾರ್ಥನೆಯಾದೊಡನೆ ಮಹಾಮೌನವು ತೊಡಗಿ ಮರುದಿನ ಬೆಳಗಿನ ವರೆಗೂ ಇರುವುದು.

ಗಂಟೆಗಂಟೆಗಳ ನಡುವೆ ಕೆಲಸ. ಸೋಮಾರಿತನವು ಆತ್ಮಕ್ಕೆ ಹಗೆಯೆಂಬುದು ನಿಯಮಕಾರನ ಮತ. ಅಡಿಗೆಯ ಸೇವೆಯು ವಾರಕ್ಕೊಬ್ಬರಂತೆ ಸರದಿಯಿಂದ ಬರಬೇಕು. ಉಗ್ರಾಣದವನು ಅಲ್ಲಿನ ಪಾತ್ರೆಪಡಗಗಳನ್ನು ಪೂಜಾಪಾತ್ರೆಗಳಂತೆಯೇ ನೋಡಿಕೊಳ್ಳಬೇಕು. ಸೌಟಿಗೂ ಪೂಜೆಯ ಬಟ್ಟಲಿಗೂ ಭೇದವೆಣಿಸದ ಮನಸ್ಸಿಗೆ, ಗೊತ್ತಿದ್ದ ಗೆಳೆಯನೂ ಗುರುತಿಲ್ಲದ ದಾರಿಗನೂ ಸಮಾನರಾಗಿ ಕಾಣುವುದು ಕಷ್ಟವಾಗಲಾರದು.

ಅತಿಥಿಯಾಗಿ ಬಂದವನ ಮತವೇನೆಂದು ಕೇಳುವ ವಾಡಿಕೆಯಿಲ್ಲ. ದೇವರನ್ನು ನಂಬಿದವನೂ ಬರುವನು, ನಂಬದವನೂ ಬರುವನು; ಮಡದಿಯನ್ನು ಕಳೆದುಕೊಂಡವನು, ಉದ್ಯೋಗದಿಂದ ಬಳಲಿದವನು, ಸುಮ್ಮನೆ ನಿದ್ರೆಯನ್ನರಸಿ ಬಂದವನು, ಎಲ್ಲರೂ ಬರುವರು. ಅವನಿಗೆ ಸಿಕ್ಕುವುದು ಒಂದು ಸಣ್ಣ ಕೋಣೆ, ಒಂದು ಹಾಸಿಗೆ, ಒಂದು ಮೇಜು. ಉಪಚಾರದ ಮಾತುಗಳ ಮಳೆ ಇಲ್ಲ. ಸಂನ್ಯಾಸಿಗಳು ಉಣ್ಣುವ ಅನ್ನವನ್ನು ಅವರೊಡನೆಯೇ ಕುಳಿತು ಉಣ್ಣುವನು. ಮೌನದ ಹೊತ್ತಿನಲ್ಲಿ ತಾನೂ ಮೌನವಾಗಿರುವನು. ಮೊದಲ ದಿನ ಈ ಮೌನವು ಅವನಿಗೆ ಉದಾಸೀನದಂತೆ ತೋರುವುದುಂಟು. ಎರಡನೆಯ ದಿನಕ್ಕೆ, ತನ್ನಿಂದ ಯಾರೂ ಏನನ್ನೂ ಬಯಸುತ್ತಿಲ್ಲವೆಂಬುದು ಅವನಿಗೆ ಅರಿವಾಗುವುದು. ಮಾತನಾಡಿ ಮೆಚ್ಚಿಸಬೇಕಾಗಿಲ್ಲ, ನಕ್ಕು ಒಪ್ಪಿಸಬೇಕಾಗಿಲ್ಲ. ಮಠವು ಅತಿಥಿಗೆ ಬಡಿಸುವ ಪರಮಾನ್ನವೆಂದರೆ ಇದೇ. ಸಂನ್ಯಾಸಿಗಳು ತಮ್ಮ ಕ್ರಮವನ್ನು ಬಿಟ್ಟು ಅವನ ಸುತ್ತ ನೆರೆದಿದ್ದರೆ ಇದು ಅವನಿಗೆ ದೊರೆಯುತ್ತಿರಲಿಲ್ಲ.

ಆದರೆ ಕಷ್ಟವಿಲ್ಲದಿಲ್ಲ. ಅತಿಥಿಗಳು ಕೊಡುವ ಕಾಣಿಕೆಯು ಇಂದು ಇಂತಹ ಅನೇಕ ಮಠಗಳಿಗೆ ಜೀವನಾಧಾರ. ಕಾಣಿಕೆಯನ್ನು ನೆಚ್ಚಿ ಬಾಗಿಲನ್ನು ಅಗಲಿಸಿದರೆ ಮಠವು ಛತ್ರವಾದೀತು. ಮೌನವನ್ನು ನೆಚ್ಚಿ ಬಾಗಿಲನ್ನು ಮುಚ್ಚಿದರೆ ನಿಯಮವೇ ಮುರಿದೀತು. ದ್ವಾರಪಾಲಕನು ವಿವೇಕಿಯಾದ ವೃದ್ಧನಾಗಿರಬೇಕು, ಬಾಗಿಲ ಬಳಿಯೇ ಅವನ ಕೋಣೆಯಿರಬೇಕು, ಸಹಾಯ ಬೇಕಾದರೆ ಕಿರಿಯ ಸೋದರನೊಬ್ಬನನ್ನು ಕೊಡಬೇಕು ಎಂದು ಬೆನೆಡಿಕ್ಟನು 66ನೆಯ ಅಧ್ಯಾಯದಲ್ಲಿ ಬರೆದಿಟ್ಟನು. ಇಂದು ವೃದ್ಧರಿಗೆ ಕೊರತೆಯಿಲ್ಲ. ವಿರಳವಾಗಿರುವವರು ಕಿರಿಯ ಸೋದರರು. ಮೊಣಕಾಲ ನೋವಿನವರೇ ಎದ್ದುಹೋಗಿ ಬಾಗಿಲು ತೆರೆಯಬೇಕಾಗಿದೆ. ಹಾಗಿದ್ದೂ ತೆರೆಯುತ್ತಿರುವರು.

ಹೋಲಿ ಕ್ರಾಸ್ ಸಂಘಕ್ಕೆ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಪಟ್ಟಣದ ಮೇಲಣ ಬೆಟ್ಟದಲ್ಲಿ ಮೌಂಟ್ ಕ್ಯಾಲ್ವರಿ ಎಂಬ ಇನ್ನೊಂದು ಮಠವಿತ್ತು. ಅಲ್ಲಿಯೂ ಅತಿಥಿಗಳನ್ನು ಇರಿಸಿಕೊಳ್ಳುವುದೇ ಮುಖ್ಯಸೇವೆ. 2008ರ ನವೆಂಬರಿನಲ್ಲಿ ಕಾಳ್ಗಿಚ್ಚು ಬೆಟ್ಟವನ್ನೇರಿ ಆ ಮಠವನ್ನು ಸುಟ್ಟುಹಾಕಿತು. ಎಷ್ಟೋ ಜನರಿಗೆ ಹಾಸಿಗೆ ಹಾಸಿದವರಿಗೆ ತಮ್ಮದೆಂಬ ಹಾಸಿಗೆಯೇ ಇಲ್ಲವಾಯಿತು. ಕೆಳಗೆ ಪಟ್ಟಣದಲ್ಲಿ ಹೋಲಿ ನೇಟಿವಿಟಿ ಎಂಬ ಸಂಘದ ಆಂಗ್ಲಿಕನ್ ಸಂನ್ಯಾಸಿನಿಯರ ಮನೆಯೊಂದಿತ್ತು. ಅವರು ಈ ಸೋದರರನ್ನು ಒಳಗೆ ಕರೆದು ಇರಲು ಎಡೆಗೊಟ್ಟರು. ಅತಿಥೇಯರಾಗಿ ನುರಿತ ಆ ಸಂನ್ಯಾಸಿಗಳು ಅಲ್ಲಿ, ಪೂರ್ವದೇಶದ ಯತಿಗಳಂತೆ, ಅತಿಥಿಗಳಾದರು. ಗಂಟೆ ಬಾರಿಸಿದಾಗ ಎರಡು ಮನೆಯವರೂ ಎದ್ದು ಪ್ರಾರ್ಥನೆಗೆ ನಡೆದರು.