ಬೇವಿನ ಸೊಪ್ಪು ಮತ್ತು ಅಮ್ಮಿಯ ಹಿಮ್ಮಡಿ

ಗಾಯವಾದ ಕೂಡಲೇ ಬೇವಿನ ಸೊಪ್ಪು ಹುಡುಕುವವರು ನಿಮ್ಮ ಮನೆಯಲ್ಲೂ ಇರಬಹುದು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅದು ಅಮ್ಮಿ. ಕಳೆದ ವರ್ಷ ಮಗ್ಗದ ಬಳಿ ಕಬ್ಬಿಣ ತಾಗಿ ಅವರ ಹಿಮ್ಮಡಿ ಸೀಳಿತು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮುಗಟ್ಟಿತ್ತು, ನೋವು ಗೊತ್ತಾಗಲಿಲ್ಲ. ಬೇವು ಕುದಿಸಿದ ನೀರಿನಲ್ಲಿ ತೊಳೆದು ಸುಮ್ಮನಾದರು. ಆಸ್ಪತ್ರೆಗೆ ಹೋಗೋಣವೆಂದರೆ, "ಪ್ರತಿ ರೋಗಕ್ಕೂ ಅಲ್ಲಾಹನು ಔಷಧಿ ಇಟ್ಟಿದ್ದಾನೆ ಅಂತ ನೀನೇ ಮಕ್ಕಳಿಗೆ ಹೇಳಿಕೊಡ್ತೀಯಲ್ಲ" ಎಂದರು. ನನ್ನ ಬಾಯಿ ಕಟ್ಟಿತು. ಒಂಬತ್ತು ದಿನ ಹಾಗೆಯೇ ಕಳೆದವು.

ಅದೇ ಸಮಯಕ್ಕೆ ಬಿ.ಎಸ್ಸಿ. ಓದುತ್ತಿದ್ದ ಮಗಳು ಪ್ರಾಜೆಕ್ಟಿಗೆ ಬೇವನ್ನೇ ಆರಿಸಿಕೊಂಡಿದ್ದಳು. ನೆರಳಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಒಂದು ಪಾಲು ನೀರಿನಲ್ಲಿ, ಇನ್ನೊಂದು ಪಾಲು ಮೆಥನಾಲಿನಲ್ಲಿ ನೆನೆಸಿ ಸೋಸಿದಳು. ತಟ್ಟೆಯಲ್ಲಿ ಅಗರ್ ಎಂಬ ಜೆಲ್ಲಿ ಹುಯ್ದು, ಗಾಯವನ್ನು ಕೀವಾಗಿಸುವ ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಹರಡುತ್ತಾರೆ. ಜೆಲ್ಲಿಯಲ್ಲಿ ಕೊರೆದ ಸಣ್ಣ ಕುಳಿಗಳಿಗೆ ಸಾರ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ಸಾರಕ್ಕೆ ಶಕ್ತಿಯಿದ್ದರೆ ಕುಳಿಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಕುಳಿಗೆ ಎಲೆಯೇ ಇಲ್ಲದ ಬರೀ ದ್ರಾವಕವನ್ನೂ ಹಾಕುತ್ತಾರೆ. ಉಂಗುರ ಎಲೆಯದೋ ದ್ರಾವಕದ್ದೋ ತಿಳಿಯಬೇಕಲ್ಲ. ನಮ್ಮ ಮನೆಮದ್ದಿನಲ್ಲಿ ಇಂಥ ಪ್ರಾಮಾಣಿಕತೆ ಎಲ್ಲಿದೆ ಹೇಳಿ!

ಮಗಳು ಮೊಬೈಲಿನಲ್ಲಿ ತಟ್ಟೆಯ ಫೋಟೋ ತಂದಳು. ಉಂಗುರ ಕಂಡು ಅಮ್ಮಿಯ ಮುಖ ಅರಳಿತು. "ನಾನು ಹೇಳಲಿಲ್ವಾ?"

"ನಾನಿ, ಅದು ಮೆಥನಾಲಿನಲ್ಲಿ ತೆಗೆದ ಸಾರ. ಮೆಥನಾಲ್ ವಿಷ, ಅದನ್ನು ಪೂರ್ತಿ ಆರಿಸಿದ ಮೇಲೆ ಪರೀಕ್ಷೆ ಮಾಡಿದ್ವಿ. ನಿಮ್ಮ ಹಾಗೆ ನೀರಿನಲ್ಲಿ ತೆಗೆದದ್ದು ಇಲ್ಲಿದೆ, ನೋಡಿ." ಆ ಕುಳಿಯ ಸುತ್ತ ಉಂಗುರವೇ ಇರಲಿಲ್ಲ. "ಅಲ್ಲದೆ ಈ ತಟ್ಟೆಗೆ ಸಕ್ಕರೆ ಕಾಯಿಲೆ ಇಲ್ಲ, ನಾನಿ."

ಅಮ್ಮಿ ಮುಖ ತಿರುಗಿಸಿದರು. ಆಗ ನನಗೆ ಇಬ್ನು ಸೀನಾ ನೆನಪಾದರು. 1037ರಲ್ಲಿ ತೀರಿಕೊಂಡ ಆ ಹಕೀಮರು ತಮ್ಮ 'ಅಲ್ ಕಾನೂನ್'ನಲ್ಲಿ ಔಷಧಿಯ ಪರೀಕ್ಷೆಗೆ ನಿಯಮಗಳನ್ನೇ ಬರೆದಿದ್ದಾರೆ. ಸಿಂಹದ ಮೇಲೋ ಕುದುರೆಯ ಮೇಲೋ ಆದ ಪರಿಣಾಮ ಮನುಷ್ಯನಿಗೆ ಸಾಕ್ಷಿಯಾಗದು, ಮನುಷ್ಯನ ದೇಹದಲ್ಲೇ ನೋಡಬೇಕು ಎನ್ನುವುದು ಅವುಗಳಲ್ಲೊಂದು. ಕುದುರೆಯೇ ಸಾಲದೆಂದ ಮೇಲೆ ಜೆಲ್ಲಿ ಸಾಕೇ? ಇದನ್ನು ಅಮ್ಮಿಗೆ ಹೇಳಿದೆ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನೂ ಹೇಳಿದೆ. ಮೊದಲ ದಿನವೇ ಹೇಳಬೇಕಿತ್ತು.

ಮರುದಿನ ವೈದ್ಯರು ಹಿಮ್ಮಡಿ ತೆರೆದಾಗ ಒಳಗೆ ಕೀವು ಕಟ್ಟಿತ್ತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಕಾಲು ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಈಗ ಅಮ್ಮಿ ಇಶಾ ನಮಾಝಿನ ನಂತರ ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಬೇವಿನ ಸೊಪ್ಪು ಹುಳ ಹಿಡಿಯದಿರಲೆಂದು ಅಕ್ಕಿ ಡಬ್ಬಿ ಸೇರಿದೆ.