ನಡೆಯುವುದೂ ನಡೆಸುವುದೂ

‘ನಡೆ’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ನಡೆಸು’ ಎಂದಾಗುತ್ತದೆ. ಹತ್ತಿದ ಕೂಡಲೇ ವಾಕ್ಯದೊಳಗೆ ಒಬ್ಬನಿದ್ದ ಕಡೆ ಇಬ್ಬರಾಗುತ್ತಾರೆ, ನಡೆಯುವವನೊಬ್ಬ, ನಡೆಸುವವನೊಬ್ಬ. ಇದನ್ನು ತರಗತಿಯಲ್ಲಿ ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆ ಇಬ್ಬರ ನಡುವೆ ಎಷ್ಟೊಂದು ವ್ಯವಹಾರವಿದೆಯೆಂಬುದನ್ನು ಕಣ್ಣಾರೆ ಕಂಡದ್ದು ಮಾತ್ರ ಕಳೆದ ಮಳೆಗಾಲದಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ನನ್ನ ಭಾವನವರನ್ನು ಒಂದು ಯಂತ್ರ ನಡೆಸುತ್ತಿದ್ದಾಗ.

ಭಾವನವರಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಕೈ ಅಷ್ಟಿಷ್ಟು ಚೇತರಿಸಿಕೊಂಡಿತು. ಕಾಲು ಮಾತ್ರ ಬಾಡಿಗೆ ಕೊಡದ ಬಿಡಾರಗಾರನ ಹಾಗೆ ಸುಮ್ಮನೆ ಜೊತೆಗಿತ್ತು. ರಾತ್ರಿ ಎರಡು ಸಲ ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು ಅಕ್ಕನ ಸೊಂಟಕ್ಕೆ ಆಗದ ಕೆಲಸ. ಅವರು ತಾವೇ ಹತ್ತು ಹೆಜ್ಜೆ ಇಟ್ಟಾರೇ ಎಂಬುದರ ಮೇಲೆ ಆ ಮನೆಯ ನಿದ್ದೆಯೆಲ್ಲ ನಿಂತಿತ್ತು.

ಯಂತ್ರ ದೊಡ್ಡದು. ಕಾಲ ಕೆಳಗೆ ಹಿಂದಕ್ಕೆ ಸರಿಯುವ ಪಟ್ಟಿ. ಮೇಲಿನಿಂದ ಇಳಿಬಿಟ್ಟ ಕಟ್ಟುಗಳು ಮೈಭಾರವನ್ನು ಒಂದಿಷ್ಟು ಹೊರುತ್ತವೆ. ಸೊಂಟ ಮಂಡಿಗಳ ಬಳಿಯ ಮೋಟಾರುಗಳು ಕಾಲುಗಳನ್ನು ಸರದಿಯಂತೆ ಎತ್ತಿ ಮುಂದಿಡುತ್ತವೆ. ಈ ಜಾತಿಯಲ್ಲಿ ಹೆಸರಾದ ಲೋಕೋಮ್ಯಾಟ್ ರೂಪುಗೊಂಡದ್ದು 1990ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಅದಕ್ಕೆ ಮುಂಚೆ ಇಬ್ಬರು ಮೂವರು ಥೆರಪಿಸ್ಟರು ರೋಗಿಯ ಅಕ್ಕಪಕ್ಕ ಕುಳಿತು ಕೈಯಿಂದಲೇ ಕಾಲೆತ್ತಿ ಇಡಬೇಕಿತ್ತು. ಬೇಗನೆ ಅವರ ಬೆನ್ನು ಸೋಲುತ್ತಿತ್ತು. ಯಂತ್ರಕ್ಕೆ ಬೆನ್ನಿಲ್ಲ.

ಮೊದಲ ದಿನ ಭಾವನವರಿಗೆ ಕಣ್ಣು ತುಂಬಿ ಬಂತು. “ನೋಡಯ್ಯ, ನಡೀತಿದೀನಿ!” ಎಂದರು. ಥೆರಪಿಸ್ಟ್ ಹಾಸನದ ಕಡೆಯ ಹುಡುಗಿ. ಪರದೆಯಿಂದ ಕಣ್ಣು ತೆಗೆಯದೆ, “ಇಲ್ಲ ಸರ್, ಅದು ನಡೆಸ್ತಿದೆ. ನೀವಿನ್ನೂ ನಡೀತಿಲ್ಲ,” ಎಂದಳು. ವ್ಯಾಕರಣವನ್ನು ಇಷ್ಟು ಚೊಕ್ಕಟವಾಗಿ ನಾನೂ ಹೇಳಿದ್ದಿಲ್ಲ.

ಪರದೆಯ ಮೇಲೊಂದು ಗೆರೆ. ರೋಗಿ ತಾನಾಗಿ ಬಲ ಹಾಕಿದರೆ ಏಳುತ್ತದೆ, ಯಂತ್ರಕ್ಕೆ ಒಪ್ಪಿಸಿ ಸುಮ್ಮನಾದರೆ ಮಲಗುತ್ತದೆ. ಎರಡು ಸಂದರ್ಭದಲ್ಲೂ ಕಾಲು ಮಾತ್ರ ಒಂದೇ ತೆರನಾಗಿ ಆಡುತ್ತಿರುತ್ತದೆ! ಹಾಜರಿ ಪುಸ್ತಕದಲ್ಲಷ್ಟೇ ಹಾಜರಿರುವ ಹುಡುಗರನ್ನು ಬಹಳ ಕಂಡ ನನಗೆ ಇದು ಕೂಡಲೇ ಅರ್ಥವಾಯಿತು. ಭಾವನವರು ಮಾತುಗಾರರು, ಪಿಂಚಣಿ, ಕ್ರಿಕೆಟ್ಟು, ಸೊಸೆಯ ಸಾರು ಎಂದು ಹೊರಟರೆ ಗೆರೆ ನೆಲ ಹಿಡಿಯುತ್ತಿತ್ತು. ಹೆಜ್ಜೆ ಎಣಿಸಿ ಎಂದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಬಾಯಿ ಅದು; ತಾನು ಎಣಿಸುತ್ತ ಹೋಯಿತು, ಕಾಲು ನಿದ್ದೆಹೋಯಿತು. ಮಂಡಿ ಎತ್ತಿ ಎಂದರೂ ಅಷ್ಟೆ. ಮೂರನೆಯ ವಾರ ಅವಳಿಗೆ ಏನು ಹೊಳೆಯಿತೋ, “ಸರ್, ನಿಮ್ಮ ಬಚ್ಚಲ ಹೊಸ್ತಿಲು ಎತ್ತರವೋ?” ಎಂದು ಕೇಳಿದಳು. “ಹೂನಮ್ಮ, ಹಳೇ ಮನೆ.” “ದಾಟಿ ಹಾಗಾದರೆ.” ಗೆರೆ ಎದ್ದಿತು.

ಅವಳನ್ನು ಪಕ್ಕದ ಕೋಣೆಗೆ ಕರೆದಾಗಲೆಲ್ಲ ಅದು ಮತ್ತೆ ಇಳಿಯುತ್ತಿತ್ತು. ಯಂತ್ರ ಬಂದಮೇಲೆ ಒಬ್ಬಳೇ ಇಬ್ಬರನ್ನು ನೋಡಿಕೊಳ್ಳಬಹುದೆಂದು ಆಡಳಿತದವರ ಲೆಕ್ಕ. ಯಂತ್ರ ಅವಳ ಕೈಯನ್ನು ಬಿಡಿಸಿದ್ದು ನಿಜ. ಕಣ್ಣನ್ನೂ ಮಾತನ್ನೂ ಬಿಡಿಸಿತೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಅಲ್ಲಿನ ವೈದ್ಯರೊಬ್ಬರು 2008ರಲ್ಲಿ ಪ್ರಕಟವಾದ ಶಿಕಾಗೋದ ಅಧ್ಯಯನವೊಂದನ್ನು ಓದಲು ಕೊಟ್ಟರು. ಪಾರ್ಶ್ವವಾಯುವಾಗಿಯೂ ಅಷ್ಟಿಷ್ಟು ನಡೆಯಬಲ್ಲವರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಯಂತ್ರದಿಂದಲೂ ಇನ್ನೊಂದನ್ನು ಥೆರಪಿಸ್ಟರ ಕೈಯಿಂದಲೂ ಅರ್ಧರ್ಧ ಗಂಟೆಯಂತೆ 12 ಸಲ ನಡೆಸಿದ್ದರು. ನಡಿಗೆಯ ವೇಗ ಹೆಚ್ಚು ಸುಧಾರಿಸಿದ್ದು ಕೈಯ ಗುಂಪಿನಲ್ಲಿ. ಹಾಗೆಂದು ಯಂತ್ರವನ್ನು ಹಳಿಯಬೇಡಿ ಎಂದೂ ಅವರೇ ಹೇಳಿದರು: ಏನೂ ನಡೆಯಲಾರದವರಿಗೆ, ಮೊದಲ ಮೂರು ತಿಂಗಳಲ್ಲಿ, ಫಿಸಿಯೊಥೆರಪಿಯ ಜೊತೆಗೆ ಇದನ್ನೂ ಕೊಟ್ಟರೆ ಸ್ವತಂತ್ರವಾಗಿ ನಡೆಯುವ ಸಂಭವ ಹೆಚ್ಚು. ಭಾವನವರು ಆ ವರ್ಗದವರೇ.

ಯಂತ್ರದ ನೆರವನ್ನು ಆ ಹುಡುಗಿ 100ರಿಂದ ಮೆಲ್ಲಗೆ 60ಕ್ಕೆ ಇಳಿಸಿದಳು. ಈಗ ವಾರಕ್ಕೆ ಎರಡು ದಿನ ಯಂತ್ರ, ಮೂರು ದಿನ ಬರಿಯ ನೆಲ. ನೆಲದ ಮೇಲೆ ಅವಳು ಸೊಂಟಪಟ್ಟಿ ಹಿಡಿದು ಹಿಂದೆಯೇ ಬರುತ್ತಾಳೆ. ಯಂತ್ರವೇ ವಾಸಿ, ಅದು ಬೈಯುವುದಿಲ್ಲ ಎಂದು ಭಾವನವರ ದೂರು. ಮೊನ್ನೆ ಒಂಬತ್ತು ಹೆಜ್ಜೆಯಾಯಿತು. ಹತ್ತನೆಯದಕ್ಕೆ ನನ್ನ ಕಡೆ ತಿರುಗಿ ಏನೋ ಹೇಳಹೊರಟರು.

“ಮಾತು ಆಮೇಲೆ ಸರ್. ಮುಂದೆ ಹೊಸ್ತಿಲಿದೆ.”

ಭಾವನವರು ಬಾಯಿ ಮುಚ್ಚಿಕೊಂಡು ಮಂಡಿ ಎತ್ತಿದರು.