ಪದವೂ ಪದಾರ್ಥವೂ

ಅಮರಕೋಶವನ್ನು ಕಂಠಸ್ಥ ಮಾಡಿದ ವಿದ್ಯಾರ್ಥಿಗೆ ಬಲವೂ ಶಕ್ತಿಯೂ ಪರ್ಯಾಯ ಪದಗಳು. ಕುದುರೆಯ ಜವವನ್ನು ಬಣ್ಣಿಸಿದ ಕವಿ ಮುಂದಿನ ಪಾದದಲ್ಲಿ ಅದನ್ನೇ ವೇಗವೆಂದು ಕರೆದರೆ ಯಾವ ವಿಮರ್ಶಕನೂ ಆಕ್ಷೇಪಿಸಲಾರ. ಒಂದು ಅರ್ಥಕ್ಕೆ ಹಲವು ಪದಗಳಿರುವುದು ಭಾಷೆಗೆ ಭೂಷಣವೇ ಸರಿ. ಆದರೆ ಅದೇ ವಿದ್ಯಾರ್ಥಿ ಕನ್ನಡದ ತರಗತಿ ಮುಗಿಸಿ ವಿಜ್ಞಾನದ ತರಗತಿಗೆ ಕುಳಿತೊಡನೆ ಈ ನಿಯಮ ತಲೆಕೆಳಗಾಗುತ್ತದೆ. ಅಲ್ಲಿ ಬಲ ಬೇರೆ, ಶಕ್ತಿ ಬೇರೆ. ಜವ ಬೇರೆ, ವೇಗ ಬೇರೆ. ತೂಕ ಬೇರೆ, ದ್ರವ್ಯರಾಶಿ ಬೇರೆ. ಈ ಎರಡು ತರಗತಿಗಳ ನಡುವಣ ಹೊಸ್ತಿಲನ್ನು ಯಾರೂ ತೋರಿಸಿಕೊಡದಿದ್ದರೆ ಬಾಲಕನು ಎಡವುವುದು ನಿಶ್ಚಯ. ಎಡವಿದವನು ಬಾಯಿಪಾಠಕ್ಕೆ ಶರಣಾಗುತ್ತಾನೆ. ವ್ಯಾಖ್ಯೆಯನ್ನು ಒಪ್ಪಿಸುತ್ತಾನೆ, ಅರ್ಥವನ್ನು ಕಾಣುವುದಿಲ್ಲ.

ಮೊದಲು ಬಲವನ್ನು ತೆಗೆದುಕೊಳ್ಳಬಹುದು. ಭೌತಶಾಸ್ತ್ರದಲ್ಲಿ ಬಲವೆಂದರೆ ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತು ಉಂಟುಮಾಡುವ ಎಳೆತ ಅಥವಾ ನೂಕು. ಜಾತ್ರೆಯ ದಿನ ತೇರಿನ ಹಗ್ಗಕ್ಕೆ ನೂರಾರು ಕೈಗಳು ಕೂಡುತ್ತವೆ. ಮೊದಲ ಎಳೆತಕ್ಕೆ ತೇರು ಕದಲುವುದಿಲ್ಲ; ಒಮ್ಮೆ ಕದಲಿದ ಮೇಲೆ ಅಷ್ಟು ಶ್ರಮ ಬೇಕಾಗುವುದಿಲ್ಲ. ಎಳೆಯುವುದನ್ನು ಬಿಟ್ಟರೆ ಸ್ವಲ್ಪ ದೂರ ಸಾಗಿ ನಿಲ್ಲುತ್ತದೆ. ಇದನ್ನು ಕಂಡವರು ಚಲನೆಗೆ ಸದಾ ಎಳೆತ ಬೇಕೆಂದು ತಿಳಿಯುವುದು ಸಹಜ. ಗ್ರೀಸ್ ದೇಶದ ಅರಿಸ್ಟಾಟಲನೂ ಬಹುಮಟ್ಟಿಗೆ ಹಾಗೆಯೇ ತಿಳಿದಿದ್ದನು. ತೇರನ್ನು ನಿಲ್ಲಿಸುವುದು ಎಳೆತದ ಅಭಾವವಲ್ಲ, ಗಾಲಿ ಅಚ್ಚುಗಳ ಮತ್ತು ನೆಲದ ಘರ್ಷಣೆ ಎಂಬ ತಿಳಿವಳಿಕೆಗೆ ದಾರಿ ತೆರೆದವನು ಇಟಲಿಯ ಗೆಲಿಲಿಯೋ. 1687ರಲ್ಲಿ ಪ್ರಕಟವಾದ ಮಹಾಗ್ರಂಥದಲ್ಲಿ ಐಸಾಕ್ ನ್ಯೂಟನ್ ಅದನ್ನು ನಿಯಮವಾಗಿ ನಿರೂಪಿಸಿದನು. ಚಲಿಸುವ ವಸ್ತು ತಾನಾಗಿ ನೇರ ದಾರಿಯಲ್ಲಿ ಸಮನಾಗಿ ಚಲಿಸುತ್ತಲೇ ಇರುತ್ತದೆ. ನಿಂತದ್ದು ನಿಂತೇ ಇರುತ್ತದೆ. ಬಲ ಬೇಕಾಗುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ಈ ಸ್ವಭಾವಕ್ಕೆ ಜಡತ್ವವೆಂದು ಹೆಸರು. ಲೋಕದಲ್ಲಿ ಜಡವೆಂದರೆ ಮಂದ, ಆಲಸಿ; ಆದರೆ ವೇಗವಾಗಿ ಧಾವಿಸುವ ಬಾಣಕ್ಕೂ ಜಡತ್ವವುಂಟೆಂಬುದನ್ನು ಬಾಲಕನಿಗೆ ಬಿಡಿಸಿ ಹೇಳಬೇಕು.

ಜವ, ವೇಗಗಳ ಭೇದಕ್ಕೆ ಗಾಣದ ಎತ್ತೇ ಸಾಕು. ಅದು ಬೆಳಗಿನಿಂದ ಸಂಜೆಯವರೆಗೆ ಒಂದೇ ನಡಿಗೆಯಲ್ಲಿ ಸುತ್ತಿದರೂ ಅದರ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿರುತ್ತದೆ. ಜವಕ್ಕೆ ದಿಕ್ಕಿನ ಗೊಡವೆಯಿಲ್ಲ, ವೇಗಕ್ಕೆ ಉಂಟು. ಆದ್ದರಿಂದ ಗಾಣದ ಎತ್ತಿನ ಜವ ಒಂದೇ, ವೇಗ ಮಾತ್ರ ಬದಲಾಗುತ್ತಲೇ ಇದೆ.

ತೂಕದ ಮಾತು ಇನ್ನೂ ಸೂಕ್ಷ್ಮವಾದುದು. ಅಂಗಡಿಯ ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಿಲೋಗ್ರಾಂ ಜೋಳಕ್ಕೆ ಒಂದು ಕಿಲೋಗ್ರಾಂ ಕಲ್ಲು ಸರಿದೂಗುತ್ತದೆ. ಚಂದ್ರನ ಮೇಲೆ ಒಯ್ದರೂ ಆ ಎರಡು ತಟ್ಟೆಗಳು ಸಮನಾಗಿಯೇ ನಿಲ್ಲುವುವು; ಏಕೆಂದರೆ ತಕ್ಕಡಿ ಹೋಲಿಸುವುದು ದ್ರವ್ಯರಾಶಿಯನ್ನು. ಅದೇ ಜೋಳವನ್ನು ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿದರೆ ಚಂದ್ರನಲ್ಲಿ ಮುಳ್ಳು ಸುಮಾರು ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ತೂಕವು ವಸ್ತುವನ್ನು ನೆಲ ಎಳೆಯುವ ಬಲ; ನೆಲ ಬದಲಾದರೆ ತೂಕವೂ ಬದಲಾಗುತ್ತದೆ.

ಇನ್ನು ಗುರುತ್ವ. ಈ ಪದ ಅತ್ಯಂತ ಪ್ರಾಚೀನವಾದುದು. ವೈಶೇಷಿಕ ದರ್ಶನಕಾರರು ಗುರುತ್ವವನ್ನು ಗುಣಗಳಲ್ಲಿ ಒಂದೆಂದು ಎಣಿಸಿ, ಪತನಕ್ಕೆ ಅದೇ ಕಾರಣವೆಂದರು. ಅದು ಕಣ್ಣಿಗೆ ಕಾಣದು, ಬೀಳುವ ಕಾರ್ಯದಿಂದ ಊಹಿಸತಕ್ಕದ್ದು ಎಂದೂ ಹೇಳಿದರು. ವೇಗವನ್ನು ಸಂಸ್ಕಾರದ ಒಂದು ಭೇದವೆಂದು ವಿಂಗಡಿಸಿದರು. ಇದು ಹೆಮ್ಮೆಪಡತಕ್ಕ ಚಿಂತನೆ. ಆದರೆ ಇದರ ಬಲದಿಂದ ನ್ಯೂಟನ್ನನ ಸಿದ್ಧಾಂತವೂ ಅಲ್ಲಿಯೇ ಇತ್ತೆಂದು ಸಭೆಗಳಲ್ಲಿ ಘೋಷಿಸುವುದು ಉಚಿತವಲ್ಲ. ವೈಶೇಷಿಕರ ಗುರುತ್ವವು ಪೃಥ್ವಿ ಮತ್ತು ಜಲಗಳಲ್ಲಿ ಮಾತ್ರ ನೆಲೆಸಿದ ಗುಣ. ನ್ಯೂಟನ್ನನದು ಯಾವುದೇ ಎರಡು ವಸ್ತುಗಳ ನಡುವೆ ಪರಸ್ಪರವಾಗಿ ನಡೆಯುವ ಆಕರ್ಷಣೆ. ಅದಕ್ಕೆ ಅಳತೆಯುಂಟು: ರಾಶಿಗಳ ಗುಣಲಬ್ಧದೊಡನೆ ಹೆಚ್ಚುತ್ತದೆ, ದೂರದ ವರ್ಗದೊಡನೆ ಕುಗ್ಗುತ್ತದೆ. ಮರದಿಂದ ಕಳಚಿದ ಹಣ್ಣು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿರುವ ಚಂದ್ರನ ಮೇಲೆ ಆ ಸೆಳೆತ 3,600ರಲ್ಲಿ ಒಂದು ಪಾಲು. ಆದ್ದರಿಂದ ಅಷ್ಟೇ ದೂರ ಭೂಮಿಯತ್ತ ಬೀಳಲು ಚಂದ್ರನಿಗೆ ಒಂದು ನಿಮಿಷ ಬೇಕು. ಅಡ್ಡಲಾಗಿ ಧಾವಿಸುತ್ತಲೇ ಹೀಗೆ ಬೀಳುವುದರಿಂದ ಅವನು ನೆಲಕ್ಕೆ ಬಾರದೆ ಸುತ್ತುತ್ತಾನೆ. ಹಣ್ಣಿಗೂ ಚಂದ್ರನಿಗೂ ಒಂದೇ ನಿಯಮವೆಂದು ಲೆಕ್ಕದಿಂದ ತೋರಿಸಿದ್ದೇ ನ್ಯೂಟನ್ನನ ಮಹತ್ಸಾಧನೆ.

ಭಾರವಾದುದು ಬೇಗ ಬೀಳುತ್ತದೆಂಬ ನಂಬಿಕೆಯೂ ಹೀಗೆಯೇ ಪರೀಕ್ಷೆಗೆ ಒಳಗಾಯಿತು. ಗಾಳಿಯ ತಡೆಯನ್ನು ಕಳೆದರೆ ಎಲ್ಲ ವಸ್ತುಗಳೂ ಸಮನಾಗಿ ಬೀಳುವುವೆಂಬ ವಿಚಾರವನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಮಂಡಿಸಿದನು. 1971ರಲ್ಲಿ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್, ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟನು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಶರಣರ ಸ್ಥಾವರ ಜಂಗಮ ವಿಚಾರವನ್ನು ಚಲನೆಯ ಪಾಠಕ್ಕೆ ಹೊಂದಿಸುವ ಉತ್ಸಾಹವೂ ಕೆಲವೊಮ್ಮೆ ಕಾಣುತ್ತದೆ. ಜಂಗಮವು ಅರಿವಿನ ಮತ್ತು ಆಚಾರದ ಮಾತು. ಅದನ್ನು ಗಾಲಿಯ ಉರುಳುವಿಕೆಗೆ ಇಳಿಸಿದರೆ ಶರಣರಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ನುಡಿದದ್ದನ್ನು ನಡೆಯಲ್ಲಿ ಒರೆಗೆ ಹಚ್ಚಬೇಕೆಂಬ ಶರಣರ ನಿಷ್ಠೆಯಾದರೋ ಪ್ರಯೋಗಶಾಲೆಯಲ್ಲಿಯೂ ಅನುಕರಣೀಯ.

ಆದಕಾರಣ ಕನ್ನಡದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ವರ್ಷಾರಂಭದಲ್ಲಿ ಒಂದು ದಿನ ಜೊತೆಗೆ ಕುಳಿತು, ಎರಡು ತರಗತಿಗಳಲ್ಲಿ ಎರಡು ಅರ್ಥ ತಾಳುವ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಅವಶ್ಯ. ಬಲವೆಂಬ ಪದ ಕಾವ್ಯದಲ್ಲಿ ಏನು, ಭೌತಶಾಸ್ತ್ರದಲ್ಲಿ ಏನು ಎಂಬುದನ್ನು ಇಬ್ಬರೂ ಹೇಳಲಿ. ದಾನಿಗಳ ಔದಾರ್ಯದಿಂದ ಕಟ್ಟಿದ ಪ್ರಯೋಗಶಾಲೆಯಲ್ಲಿ ತಕ್ಕಡಿಯೂ ಸ್ಪ್ರಿಂಗ್ ತ್ರಾಸೂ ಬೀರುವಿನ ಬೀಗದೊಳಗೆ ಉಳಿಯದೆ ಮಕ್ಕಳ ಕೈಗೆ ಬರಲಿ. ಹಳ್ಳಿಯಿಂದ ನಡೆದು ಬಂದ ಬಾಲಕನೊಬ್ಬ ತೂಕಕ್ಕೂ ರಾಶಿಗೂ ಇರುವ ಭೇದವನ್ನು ತನ್ನ ಮಾತಿನಲ್ಲಿ, ತನ್ನ ಕೈಯ ತ್ರಾಸನ್ನು ತೋರಿಸಿ ಹೇಳಿದ ದಿನ, ಕೊಟ್ಟವರ ದಾನವೂ ಕಲಿಸಿದವರ ಶ್ರಮವೂ ಸಾರ್ಥಕವಾದಂತೆ.